ದಿಂಬಂ ಘಾಟಿಯಲ್ಲಿ ರೇಂಜ್ ರೋವರ್

ಬಣ್ಣಾರಿ ಅಮ್ಮನ ಗುಡಿಯ ಮುಂದೆ ನಿಂತು ಉತ್ತರಕ್ಕೆ ತಲೆಯೆತ್ತಿ ನೋಡಿದವರಿಗೆ, ಎದುರಿನ ಬೆಟ್ಟದ ಗೋಡೆಯನ್ನು ರಸ್ತೆಯೊಂದು ಹತ್ತಬಲ್ಲದೆಂಬ ನಂಬಿಕೆ ಸುಲಭವಾಗಿ ಹುಟ್ಟುವುದಿಲ್ಲ. ಆದರೂ ಹತ್ತುತ್ತದೆ. ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿಯು ಇಲ್ಲಿ ಕಾಡನ್ನು ಹೊಕ್ಕು, ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಲ್ಲಿ ಹೊರಳಿ ಹೊರಳಿ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ದಿಂಬವನ್ನು ಮುಟ್ಟುತ್ತದೆ. ನೀಲಗಿರಿಯ ಕಲ್ಲಟ್ಟಿ ಘಾಟಿಯಲ್ಲಿ ಮೂವತ್ತಾರು ತಿರುವುಗಳಿವೆಯೆಂದು ಅಲ್ಲಿನ ಓದುಗರು ಹೆಮ್ಮೆಪಡಬಹುದು. ವಯನಾಡಿನವರು ತಮ್ಮ ತಾಮರಶ್ಶೇರಿ ಚುರದ ಒಂಬತ್ತೇ ಸಾಕೆನ್ನಬಹುದು. ತಾಳವಾಡಿಯವರಾದ ನಮಗೆ ಲೆಕ್ಕವೆಂದರೆ ಇಪ್ಪತ್ತೇಳು. ನಮ್ಮ ಮಕ್ಕಳು ಮಗ್ಗಿಗೆ ಮೊದಲು ಅದನ್ನು ಕಲಿಯುತ್ತಾರೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ಚಾಮರಾಜನಗರದ ಸಂತೆ ಮಗ್ಗುಲಲ್ಲಿದ್ದರೂ ಕಚೇರಿ, ಕಾಗದ, ದೊಡ್ಡ ಆಸ್ಪತ್ರೆ ಎಲ್ಲಕ್ಕೂ ನಾವು ಘಾಟಿ ಇಳಿಯಬೇಕಾಯಿತು. ಈಗ ತಾಳವಾಡಿಯೇ ಒಂದು ತಾಲ್ಲೂಕಾಗಿದೆ. ಆದರೆ ಕಷ್ಟಕಾಲದಲ್ಲಿ ಇಳಿಯುವ ದಾರಿ ಮಾತ್ರ ಅದೇ.

1986ರ ಮಳೆಗಾಲದ ಒಂದು ರಾತ್ರಿ, ಹೆರಿಗೆ ನೋವು ತೊಡಗಿದ ನನ್ನ ಪತ್ನಿಯನ್ನು ಆಲೂಗಡ್ಡೆ ಹೇರಿದ ಲಾರಿಯ ಮುಂಭಾಗದಲ್ಲಿ ಕೂರಿಸಿಕೊಂಡು ನಾನು ಈ ಘಾಟಿಯನ್ನು ಇಳಿದಿದ್ದೆ. ನಡುದಾರಿಯಲ್ಲಿ ಬ್ರೇಕು ಸುಟ್ಟ ವಾಸನೆ ಎದ್ದಿತು. ಚಾಲಕನು ಒಂದು ತಿರುವಿನಲ್ಲಿ ಲಾರಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬಕೆಟ್ಟಿನಲ್ಲಿ ನೀರೆರಚಿ, ಹೊಗೆ ಆರುವವರೆಗೆ ಬೀಡಿ ಹಚ್ಚಿ ಕುಳಿತ. ಬೆಳಗಿನ ಜಾವ ಸತ್ಯಮಂಗಲದಲ್ಲಿ ಮಗಳು ಹುಟ್ಟಿದಳು. ತಾಯಿ, ಮಗು ಇಬ್ಬರೂ ಸುಖವಾಗಿಯೇ ಇದ್ದರು. ಆದರೆ ಆ ವಾಸನೆ ಮಾತ್ರ ನನ್ನವಳಿಗೆ ಇಂದಿಗೂ ಆಗದು. ಅಡಿಗೆಮನೆಯಲ್ಲಿ ಕುಕ್ಕರಿನ ರಬ್ಬರು ಸೀದರೂ ಅವಳ ಮುಖ ಬಿಳಿಚಿಕೊಳ್ಳುತ್ತದೆ.

ಕಳೆದ ಮಾರ್ಗಶಿರದಲ್ಲಿ ಅವಳ ಬೆನ್ನುಮೂಳೆಗೆ ಕೊಯಮತ್ತೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹತ್ತನೆಯ ದಿನ ವೈದ್ಯರು ಮನೆಗೆ ಕಳುಹಿಸಲು ಒಪ್ಪಿದರು. ಒಪ್ಪಿ, ಒಂದು ಮಾತು ಸೇರಿಸಿದರು: ಆರು ವಾರ ಬೆನ್ನಿಗೆ ಕುಲುಕು ತಾಗಕೂಡದು, ಒಂದೇ ಒಂದು ಜೋರಾದ ಹೊಡೆತ ಬಿದ್ದರೂ ಮಾಡಿದ ಕೆಲಸ ಕೆಡಬಹುದು. ನಮ್ಮ ಊರು ಎಲ್ಲಿದೆಯೆಂದು ಹೇಳಿದಾಗ ಅವರು ಕ್ಷಣಕಾಲ ಸುಮ್ಮನಾದರು. ಆಂಬುಲೆನ್ಸ್ ಮಾಡೋಣವೆಂದರೆ ನನ್ನ ಪತ್ನಿ ಸುತರಾಂ ಒಪ್ಪಲಿಲ್ಲ. “ಆ ಕೂಗೋ ಗಾಡೀಲಿ ಊರಿಗೆ ಹೋದ್ರೆ, ನಾನು ಇಳಿಯೋಕ್ ಮುಂಚೆನೇ ಎಲ್ಲಾ ಅಳೋಕ್ ಶುರು ಮಾಡ್ಬುಡ್ತಾರೆ” ಎಂದಳು. ಇದರಲ್ಲಿ ಸತ್ಯವಿಲ್ಲದಿರಲಿಲ್ಲ.

ನನ್ನ ತಂಗಿಯ ಮಗ ಕೊಯಮತ್ತೂರಿನ ಗಿರಣಿ ಮಾಲೀಕರೊಬ್ಬರ ಬಳಿ ಹನ್ನೊಂದು ವರ್ಷಗಳಿಂದ ಕಾರು ಚಾಲಕನಾಗಿದ್ದಾನೆ. ವಿಷಯ ತಿಳಿದ ಮಾಲೀಕರು, ಒಂದು ದಿನ ದೊಡ್ಡ ಗಾಡಿಯನ್ನೇ ತೆಗೆದುಕೊಂಡು ಹೋಗು ಎಂದರಂತೆ. ಅಳಿಯನು ಇದನ್ನು ಹೇಳುವಾಗ ಅವನ ದನಿಯಲ್ಲಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿತ್ತು. ದೊಡ್ಡ ಗಾಡಿಯೆಂದರೆ ಎರಡು ಕೋಟಿ ರೂಪಾಯಿಗೂ ಮೇಲೆ ಬೆಲೆ ಬಾಳುವ ರೇಂಜ್ ರೋವರ್. ಅದು ಅಂದಿನವರೆಗೆ ಮಾಲೀಕರ ಮನೆ, ಗಿರಣಿ, ವಿಮಾನ ನಿಲ್ದಾಣ ಇವುಗಳ ನಡುವೆ ಓಡಾಡಿತ್ತೇ ಹೊರತು ಒಂದು ಘಾಟಿಯನ್ನೂ ಕಂಡಿರಲಿಲ್ಲ.

ಈ ವಾಹನದ ಕುಲವೃತ್ತಾಂತವನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಅದು ವಿಚಿತ್ರವಾಗಿದೆ. 1970ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರೇಂಜ್ ರೋವರ್ ಹೊರಬಂದಾಗ ಅದು ಶ್ರೀಮಂತರ ಪಲ್ಲಕ್ಕಿಯಾಗಿರಲಿಲ್ಲ. ಎರಡೇ ಬಾಗಿಲು, ಕೆಸರಾದರೆ ಕೊಳವೆ ಹಿಡಿದು ತೊಳೆಯಬಹುದಾದ ನೆಲ, ಹೊಲದಲ್ಲಿಯೂ ಹೆದ್ದಾರಿಯಲ್ಲಿಯೂ ಒಂದೇ ಸಮನೆ ಓಡಬೇಕೆಂಬುದು ಅದನ್ನು ರೂಪಿಸಿದ ಸ್ಪೆನ್ ಕಿಂಗ್ ಅವರ ಆಶಯ. ಆ ಕಾಲದ ಜೀಪುಗಳಂತೆ ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗಿನ ಬದಲು ಉದ್ದನೆಯ ಸುರುಳಿ ಸ್ಪ್ರಿಂಗುಗಳನ್ನು ಅವರು ಇರಿಸಿದರು. ನಾಲ್ಕೂ ಚಕ್ರಗಳಿಗೆ ಸದಾ ಎಂಜಿನ್ನಿನ ಬಲ ಹರಿಯುವಂತೆ ಮಾಡಿದರು. ನಾಲ್ಕು ಬಾಗಿಲು ಬಂದದ್ದು 1981ರಲ್ಲಿ, ಗಾಳಿಯ ಸ್ಪ್ರಿಂಗ್ ಬಂದದ್ದು 1992ರಲ್ಲಿ. ಚರ್ಮದ ಆಸನ, ಹೊಳೆಯುವ ಮರ ಇವೆಲ್ಲ ಬರಬರುತ್ತ ಸೇರಿಕೊಂಡವು. 2008ರಲ್ಲಿ ಈ ಸಂಸ್ಥೆಯನ್ನು ಟಾಟಾದವರು ಕೊಂಡರು. 2024ರಿಂದ ಈ ಗಾಡಿಯನ್ನು ಪುಣೆಯಲ್ಲಿ ಜೋಡಿಸುತ್ತಿದ್ದಾರೆ. ರೈತನ ಗಾಡಿಯಾಗಿ ಹುಟ್ಟಿ ರಾಜನ ಗಾಡಿಯಾದ ಇದು, ಒಬ್ಬ ನಿವೃತ್ತ ಮೇಷ್ಟ್ರ ಹೆಂಡತಿಯನ್ನು ಹೊರಲು ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು.

ನಮ್ಮ ತಲೆಮಾರಿಗೆ ದೊಡ್ಡ ಕಾರೆಂದರೆ ಅಂಬಾಸಿಡರ್: ಸುಮಾರು ನಾಲ್ಕೂಕಾಲು ಮೀಟರ್ ಉದ್ದ, ಐವತ್ತರ ಆಸುಪಾಸಿನ ಅಶ್ವಶಕ್ತಿ. ಇದರ ಉದ್ದ ಐದೂಕಾಲು ಮೀಟರ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆಯೇ 3.2 ಮೀಟರ್. ಅಗಲ, ಬದಿಯ ಕನ್ನಡಿಗಳನ್ನು ಮಡಚಿದ ಮೇಲೂ ಎರಡು ಮೀಟರಿಗಿಂತ ಹೆಚ್ಚು. ತೂಕ ಎರಡೂವರೆ ಟನ್ನಿಗೆ ಮೀರಿದ್ದು. ಮೂರು ಲೀಟರಿನ, ಆರು ಸಿಲಿಂಡರಿನ ಡೀಸೆಲ್ ಎಂಜಿನ್ನು ಸುಮಾರು 350 ಅಶ್ವಶಕ್ತಿ ಕೊಡುತ್ತದೆ. ಇಷ್ಟು ದೊಡ್ಡ ಪ್ರಾಣಿಯ ಬೆನ್ನೇರುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಅಳಿಯನು ಒಂದು ಗುಂಡಿ ಒತ್ತಿದ. ಆನೆಯು ಮಾವುತನಿಗೆ ಬಾಗುವಂತೆ ಗಾಡಿಯು ಮೆಲ್ಲನೆ 50 ಮಿಲಿಮೀಟರ್ ತಗ್ಗಿತು. ದಾದಿಯರಿಬ್ಬರು ಪತ್ನಿಯನ್ನು ಹಿಂದಿನ ಆಸನದಲ್ಲಿ ಒರಗಿಸಿ, ಸೊಂಟಕ್ಕೆ ದಿಂಬು ಕೊಟ್ಟರು. ಅವಳು ನನ್ನ ಮುಂಗೈಯನ್ನು ಹಿಡಿದುಕೊಂಡಳು. ಆ ಹಿಡಿತವೇ ಆ ದಿನ ನನಗೆ ಅಳತೆಗೋಲಾಯಿತು.

ಅಣ್ಣೂರು, ಪುಳಿಯಂಪಟ್ಟಿಗಳ ಮೂಲಕ ಸತ್ಯಮಂಗಲದವರೆಗಿನ ಬಯಲು ದಾರಿಯ ಬಗೆಗೆ ಬರೆಯುವುದು ಹೆಚ್ಚೇನಿಲ್ಲ. ಸದ್ದಿಲ್ಲದಿರುವುದೇ ಅಲ್ಲಿನ ಸುದ್ದಿ. ಹೊರಗೆ ಬಸ್ಸುಗಳ ಹಾರನ್ನು ಬಾಯ್ದೆರೆದದ್ದು ಕಾಣುತ್ತಿತ್ತೇ ವಿನಾ ಕೇಳುತ್ತಿರಲಿಲ್ಲ ಎನ್ನುವಷ್ಟು ನಿಶ್ಶಬ್ದ. ವೇಗದ ಮುಳ್ಳು ಎಂಬತ್ತನ್ನು ತೋರಿಸುವಾಗ ನನಗೆ ನಲವತ್ತೆಂದು ತೋರುತ್ತಿತ್ತು. ಇದು ಸುಖವೂ ಹೌದು, ಅಪಾಯವೂ ಹೌದು. ಕಿವಿಗೆ ವೇಗ ತಿಳಿಯದಿದ್ದರೆ ಕಾಲಿಗೆ ಬುದ್ಧಿ ಬರುವುದಿಲ್ಲ. ಅಳಿಯನು ಅಂಥವನಲ್ಲ, ಅವನು ಎಂಬತ್ತನ್ನು ದಾಟಲೇ ಇಲ್ಲ. ಭವಾನಿ ಹೊಳೆಯ ಸೇತುವೆಯ ಮೇಲೆ ಪತ್ನಿ ಕಣ್ಣು ಮುಚ್ಚಿದ್ದಳು. ನಿದ್ದೆಯೆಂದುಕೊಂಡೆ. ಆದರೆ ಕೈಹಿಡಿತ ಸಡಿಲಿರಲಿಲ್ಲ.

ಬಣ್ಣಾರಿಯಲ್ಲಿ ಅಳಿಯನೊಬ್ಬನೇ ಇಳಿದು, ಅಮ್ಮನ ಗುಡಿಯಿಂದ ಕುಂಕುಮ ತಂದು ಅತ್ತೆಯ ಹಣೆಗೂ ಸ್ಟಿಯರಿಂಗಿಗೂ ಇಟ್ಟ. ಅಲ್ಲಿಂದ ಚೆಕ್‌ಪೋಸ್ಟ್, ಅದರಾಚೆ ಹುಲಿ ಸಂರಕ್ಷಿತ ಪ್ರದೇಶದ ಕಾಡು, ಬಳಿಕ ಮೊದಲನೆಯ ತಿರುವು.

ಘಾಟಿಯಲ್ಲಿ ಸಾಮಾನ್ಯ ಗಾಡಿಗಳು ರೋಗಿಯನ್ನು ನೋಯಿಸುವುದು ಗುಂಡಿಗಳಿಂದ ಮಾತ್ರವಲ್ಲ. ತಿರುವಿಗೆ ಬಂದಾಗ ಚಾಲಕನು ವೇಗ ಕಳೆದುಕೊಳ್ಳುತ್ತಾನೆ, ಎಂಜಿನ್ನು ಏದುಸಿರು ಬಿಡುತ್ತದೆ, ಅವನು ಗೇರನ್ನು ಒಂದಕ್ಕೆ ತಳ್ಳುತ್ತಾನೆ, ಗಾಡಿ ಒಮ್ಮೆ ಹಿಂದಕ್ಕೆ ಜಗ್ಗಿ ಮುಂದಕ್ಕೆ ನೆಗೆಯುತ್ತದೆ. ಇಪ್ಪತ್ತೇಳು ತಿರುವುಗಳಿಗೆ ಇಪ್ಪತ್ತೇಳು ನೆಗೆತ. ನಾನು ಅಂಜಿದ್ದು ಇದಕ್ಕೆ. ಅಂದು ಅದು ಆಗಲಿಲ್ಲ. ಕಾರಣ ಆ 350 ಅಶ್ವಶಕ್ತಿಯಲ್ಲ. ಘಾಟಿಯಲ್ಲಿ ಅಷ್ಟನ್ನು ಬಳಸುವ ಜಾಗವೇ ಇಲ್ಲ. ಟಾರ್ಕ್ ಎಂದು ಕರೆಯುವ ತಿರುಚುಬಲವೇ ಇಲ್ಲಿನ ಮುಖ್ಯ ಸಂಗತಿ. ಈ ಎಂಜಿನ್ನಿನಲ್ಲಿ ಅದು 700 ನ್ಯೂಟನ್-ಮೀಟರ್, ಅದೂ ನಿಮಿಷಕ್ಕೆ 1500 ಸುತ್ತುಗಳಷ್ಟು ನಿಧಾನದಲ್ಲಿಯೇ ದೊರಕುತ್ತದೆ. ಆದುದರಿಂದ ಎಂಜಿನ್ನು ಕಿರುಚಬೇಕಾಗಿಲ್ಲ. ಎಂಟು ಹಲ್ಲೆಗಳ ಸ್ವಯಂಚಾಲಿತ ಗೇರು ಯಾವಾಗ ಬದಲಾಯಿತೆಂಬುದು ಕುಳಿತವರಿಗೆ ತಿಳಿಯುವುದೂ ಇಲ್ಲ. ಭಾರ ಹೊತ್ತ ಎತ್ತು ತಲೆ ತಗ್ಗಿಸಿ ಒಂದೇ ಹೆಜ್ಜೆಯಲ್ಲಿ ದಿಣ್ಣೆ ಏರುವ ಹಾಗೆ ಅದು ಏರಿತು.

ಎರಡನೆಯ ಸಂಗತಿ ನನ್ನನ್ನು ಇನ್ನೂ ಬೆರಗುಗೊಳಿಸಿತು. ಇಷ್ಟುದ್ದದ ಗಾಡಿ ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಲಾರದು, ಹಿಂದಕ್ಕೆ ತೆಗೆದು ಮತ್ತೆ ತಿರುಗಿಸಬೇಕಾಗುತ್ತದೆ ಎಂದು ನಾನು ನಿಶ್ಚಯಿಸಿಕೊಂಡಿದ್ದೆ. ಆದರೆ ಅದು ಸಣ್ಣ ಕಾರಿನಂತೆ ಒಳಕ್ಕೆ ಸುಳಿದು ಹೊರಬಂದಿತು. ಇದರ ಹಿಂದಿನ ಚಕ್ರಗಳೂ ತಿರುಗುತ್ತವೆ! ನಿಧಾನವಾಗಿ ಹೋಗುವಾಗ ಅವು ಮುಂದಿನ ಚಕ್ರಗಳಿಗೆ ಎದುರು ದಿಕ್ಕಿನಲ್ಲಿ ಏಳು ಡಿಗ್ರಿಗೂ ತುಸು ಹೆಚ್ಚಾಗಿ ಹೊರಳುತ್ತವೆ. ಉದ್ದನೆಯ ಬಿದಿರಿನ ಗಳುವನ್ನು ಇಬ್ಬರು ಹೆಗಲಿನಲ್ಲಿ ಹೊತ್ತು ಓಣಿಯ ಮೂಲೆಯಲ್ಲಿ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಮುಂದಿನವನು ಎಡಕ್ಕೆ ತಿರುಗಿದರೆ ಹಿಂದಿನವನು ಸುಮ್ಮನೆ ಅವನ ಬೆನ್ನು ಹಿಡಿಯುವುದಿಲ್ಲ. ಬಲಕ್ಕೆ ನಾಲ್ಕು ಹೆಜ್ಜೆ ಸರಿದು ಗಳುವನ್ನು ತಿರುಗಿಸಿಕೊಡುತ್ತಾನೆ. ಅದೇ ಉಪಾಯ. ವೇಗ ಹೆಚ್ಚಿದಾಗ ಮಾತ್ರ ಹಿಂದಿನ ಚಕ್ರಗಳು ಮುಂದಿನವುಗಳ ದಿಕ್ಕಿಗೇ ಕೊಂಚ ತಿರುಗಿ, ಗಾಡಿಯು ಬಾಲ ಬೀಸದಂತೆ ನೋಡಿಕೊಳ್ಳುತ್ತವೆ. ನಾನು ಮುವ್ವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಕರಿಹಲಗೆಯೊಂದು ಸಿಕ್ಕಿದ್ದರೆ ಅಲ್ಲಿಯೇ ಚಿತ್ರ ಬರೆದುಬಿಡುತ್ತಿದ್ದೆ.

ಎತ್ತರದ ಗಾಡಿಗಳಿಗೆ ತಿರುವಿನಲ್ಲಿ ವಾಲುವುದು ಸ್ವಭಾವ. ಒಳಗಿದ್ದವರು ಆ ಕಡೆಯಿಂದ ಈ ಕಡೆಗೆ ಒಗೆಯಲ್ಪಡುತ್ತಾರೆ. ಹೊಟ್ಟೆ ತೊಳಸುವುದು ಅದರಿಂದಲೇ. ಇಲ್ಲಿ ಎಡಬಲದ ಚಕ್ರಗಳನ್ನು ಜೋಡಿಸುವ ಸರಳನ್ನು ವಿದ್ಯುತ್ ಮೋಟಾರು ತಿರುಚಿ ಹಿಡಿಯುವ ಏರ್ಪಾಡಿದೆ. ಗಾಡಿ ಹೊರಕ್ಕೆ ವಾಲಹೊರಟರೆ ಅದು ಒಳಕ್ಕೆ ಒತ್ತುತ್ತದೆ. ಗುಂಡಿಗಳನ್ನು ನುಂಗಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಹಾಗೆಂದು ಯಂತ್ರವು ಮಂತ್ರವಲ್ಲ. ಈ ಜಾತಿಯ ವಾಹನಗಳಿಗೆಲ್ಲ ಈಗ ದೊಡ್ಡ ಚಕ್ರ, ತೆಳು ಟೈರು ತೊಡಿಸುವುದು ರೂಢಿ. ಟೈರು ತೆಳುವಾದಷ್ಟೂ ಚೂಪಂಚಿನ ಗುಂಡಿಯ ಪೆಟ್ಟು ಒಳಗೆ ತಿಳಿಯುತ್ತದೆ. ಅಂಥವುಗಳನ್ನು ತಪ್ಪಿಸಿದವನು ಅಳಿಯನೇ. ಹತ್ತು ಗಜ ಮುಂಚಿತವಾಗಿ ನೋಡಿ, ಎತ್ತಿನ ಗಾಡಿಯ ವೇಗಕ್ಕೆ ಇಳಿಸಿ ದಾಟಿಸುತ್ತಿದ್ದ. ಒಂಬತ್ತನೆಯ ತಿರುವಿನಲ್ಲಿ ನನ್ನ ಮುಂಗೈಯ ಮೇಲಿನ ಹಿಡಿತ ಮೊದಲ ಬಾರಿಗೆ ಸಡಿಲಿತು.

ಆದರೆ ಅಗಲಕ್ಕೆ ಯಾವ ಯಂತ್ರವೂ ಪರಿಹಾರ ಕಂಡುಹಿಡಿದಿಲ್ಲ. ಹದಿನಾರೋ ಹದಿನೇಳೋ, ಆ ತಿರುವಿನಲ್ಲಿ ಮೇಲಿನಿಂದ ಬಸ್ಸೊಂದು ಇಳಿಯುತ್ತ ಅರ್ಧ ಹೊರಳಿ ನಿಂತುಬಿಟ್ಟಿತ್ತು. ಘಾಟಿಯಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಿಯಮ. ನಿಯಮ ನಮ್ಮ ಪಕ್ಷದಲ್ಲಿತ್ತು, ಜಾಗ ಇರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆ, ಅದರಾಚೆ ಕಣ್ಣು ಕತ್ತಲಿಡುವ ಇಳಿಜಾರು. ಅಳಿಯನು ಕನ್ನಡಿಗಳನ್ನು ಮಡಚಿ, ಬಂಡೆಯ ಕಡೆಗೆ ಗೇಣುಗೇಣಾಗಿ ಸರಿಸಿದ. ಗಾಡಿಯನ್ನು ಆಕಾಶದಿಂದ ನೋಡಿದಂತೆ ತೋರಿಸುವ ಪರದೆಯೊಂದು ಅವನ ಮುಂದೆಯೇ ಬೆಳಗುತ್ತಿತ್ತು. ಅವನು ಅದನ್ನು ಬಿಟ್ಟು ಕಿಟಕಿಯಿಂದ ತಲೆ ಹೊರಹಾಕಿ ಬಂಡೆಯನ್ನೇ ನೋಡುತ್ತಿದ್ದ. ಕುತ್ತಿಗೆಯ ಮೇಲೆ ಬೆವರಿಳಿಯುತ್ತಿತ್ತು. “ಮಾವ, ಒಂದು ಗೀರು ಬಿದ್ರೆ ನನ್ನ ಒಂದೊರ್ಷದ ಸಂಬಳ ಕನ” ಎಂದ. ಬಸ್ಸಿನ ನಿರ್ವಾಹಕ ಇಳಿದು ಬಂದು, ತಮಿಳಿನಲ್ಲಿ ಇನ್ನೂ ಒಂದಡಿ, ಇನ್ನೂ ಅರ್ಧ ಅಡಿ ಎಂದು ಕೈ ಬೀಸಿ ತೋರಿಸಿ, ಒಳಗಿದ್ದ ನನ್ನ ಪತ್ನಿಯನ್ನು ಕಂಡು ದನಿ ತಗ್ಗಿಸಿದ. ಅಂಗೈಯಗಲ ಬಿಟ್ಟು ಬಸ್ಸು ಇಳಿದುಹೋಯಿತು. ಗೀರು ಬೀಳಲಿಲ್ಲ. ಅಂಬಾಸಿಡರ್ ಆಗಿದ್ದರೆ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲವೆಂದು ನನಗನ್ನಿಸಿತು. ಹೇಳಲಿಲ್ಲ.

ಮಲಗಿದ್ದವಳಿಗೆ ಏರು ಮುಗಿದದ್ದು ಗೊತ್ತಾಗಲಿಲ್ಲ. ದಿಂಬದಲ್ಲಿ ತಣ್ಣನೆಯ ಗಾಳಿ ಒಳಬರುವಂತೆ ಗಾಜು ಇಳಿಸಿದಾಗ ಕಣ್ದೆರೆದು, “ಇನ್ನೆಷ್ಟು ತಿರುವು ಅದೆ?” ಎಂದು ಕೇಳಿದಳು. ಎಲ್ಲ ಮುಗಿಯಿತೆಂದೆ. “ಸುಳ್ಳು ಹೇಳ್ಬೇಡಿ” ಎಂದಳು. ಕೆಳಗೆ ಮೋಯಾರ್ ಕಣಿವೆ ಬಿಸಿಲಿನಲ್ಲಿ ಮಸುಕಾಗಿ ಮಲಗಿತ್ತು. ಅವಳ ತಲೆಯನ್ನು ಎತ್ತಿ ತೋರಿಸುವಂತಿರಲಿಲ್ಲವಾದ್ದರಿಂದ ಅಳಿಯನು ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದ. ಆಗ ನಂಬಿದಳು.

ಹಾಸನೂರಿನ ಕಾಡುದಾರಿಯಲ್ಲಿ ಮುಂದೆ ಕಬ್ಬಿನ ಲಾರಿಯೊಂದು ಹೋಗುತ್ತಿತ್ತು. ಈ ದಾರಿಯ ಆನೆಗಳಿಗೆ ಕಬ್ಬಿನ ಲಾರಿಯ ಗುರುತು ಚೆನ್ನಾಗಿದೆ. ಅಡ್ಡ ನಿಂತು ಸುಂಕ ವಸೂಲು ಮಾಡುತ್ತವೆ. ಆದುದರಿಂದ ನಾವು ಬಹಳ ಅಂತರ ಬಿಟ್ಟು ಹಿಂದೆ ಹೋದೆವು. ಆನೆ ಮುಂದೆ ನಿಂತಾಗ ಎರಡೂವರೆ ಟನ್ನಿನ ಗಾಡಿಯೂ ಒಂದೇ, ಸೈಕಲ್ಲೂ ಒಂದೇ.

ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿ, ಕೋಸು, ಅರಿಸಿನದ ಹೊಲಗಳ ನಡುವೆ ನಮ್ಮ ಹಳ್ಳಿಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಮಾರಿಗುಡಿಯ ಮುಂದೆ ಗಾಡಿ ನಿಂತಿತು. ನಿಲ್ಲಲೇಬೇಕಾಯಿತು. ನಮ್ಮ ಮನೆಯ ಓಣಿಯು ಎತ್ತಿನ ಗಾಡಿಯ ಅಳತೆಗೆ ಹುಟ್ಟಿದ್ದು. ಅಳಿಯನು ಇಳಿದು ಓಣಿಯ ಬಾಯಿಗೆ ಎರಡೂ ಕೈ ಚಾಚಿ ಅಳೆದು, ತಲೆಯಾಡಿಸಿದ. ಘಾಟಿಯುದ್ದಕ್ಕೂ ಹೆದರದಿದ್ದ ನನಗೆ ಈಗ ಹೆದರಿಕೆಯಾಯಿತು. ಇನ್ನೂರು ಹೆಜ್ಜೆ, ಕಲ್ಲು ಹಾಸು, ಅವಳು ನಡೆಯುವಂತಿಲ್ಲ. ಅಷ್ಟರಲ್ಲಿ ಊರು ನೆರೆದಿತ್ತು. ಯಾರೋ ಶಾಲೆಯಿಂದ ಕೈಯಿರುವ ಮರದ ಕುರ್ಚಿಯನ್ನು ತಂದರು. ಮೂವತ್ತು ವರ್ಷ ನಾನೇ ಕುಳಿತಿದ್ದ ಕುರ್ಚಿ. ಗಾಡಿಯು ಮತ್ತೆ ಬಾಗಿತು. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ಅವಳನ್ನು ಕುರ್ಚಿಗೆ ಇಳಿಸಿಕೊಂಡು ಹೊತ್ತರು. ಹೆಜ್ಜೆ ತಪ್ಪದಂತೆ ಹಿಂದಿನವನೊಬ್ಬ ಒಂದು, ಎರಡು ಎಂದು ಮೆಲ್ಲಗೆ ಎಣಿಸುತ್ತಿದ್ದ. ಮೂಲೆಯಲ್ಲಿ ತಿರುಗುವಾಗ ಹಿಂದಿನವರಿಬ್ಬರು ತಾವಾಗಿಯೇ ಹೊರಕ್ಕೆ ಸರಿದರು. ಹಾಸಿಗೆಯ ಮೇಲೆ ಮಲಗಿಸಿದ ಮೇಲೆ ಅವಳು ನನ್ನನ್ನಲ್ಲ, ಅಳಿಯನನ್ನು ಕರೆದು, “ಊಟ ಮಾಡ್ಕೊಂಡು ಹೋಗಪ್ಪ ಮಗ, ಆ ಗಾಡಿಗೂ ಏನಾರು ಹಾಕು” ಎಂದಳು.

ಅವನು ಬೇಗ ಹೊರಡಬೇಕಾಗಿತ್ತು. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಈ ಘಾಟಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳಿಗೆ ಅದು ಬೇಕಾದದ್ದೇ. ಬೆಟ್ಟದ ಮೇಲಿನವರಿಗೆ ಅದರಿಂದ ತೊಂದರೆಯೂ ಇದೆ. ಅವನು ಹೋದ ಮೇಲೆ ನಾನು ಜಗಲಿಯಲ್ಲಿ ಕುಳಿತು, ಹಳೆಯ ಚಪಲದಿಂದ ಒಂದು ಲೆಕ್ಕ ಹಾಕಿದೆ. ದಿಂಬದಿಂದ ಬಣ್ಣಾರಿಗೆ ಎಂಟುನೂರು ಮೀಟರ್ ಇಳಿತವೆಂದು ಇಟ್ಟುಕೊಂಡರೆ, ಎರಡೂವರೆ ಟನ್ನಿನ ಗಾಡಿ ಇಳಿಯುವಾಗ ಹುಟ್ಟುವ ಶಕ್ತಿಯು ಅರವತ್ತು ಲೀಟರ್ ತಣ್ಣೀರನ್ನು ಕುದಿಯುವಂತೆ ಮಾಡಬಲ್ಲದು. ನಮ್ಮ ಬಚ್ಚಲ ಹಂಡೆ ತುಂಬ! ಅಷ್ಟೂ ಶಾಖ ಬ್ರೇಕಿನ ಮೇಲೆಯೇ ಬಿದ್ದರೆ ಏನಾಗುವುದೆಂಬುದನ್ನು 1986ರಲ್ಲಿ ಮೂಗಿನಿಂದ ತಿಳಿದವನು ನಾನು. ಏರುವಾಗ ಬಲ ಕೊಟ್ಟ ಎಂಜಿನ್ನೇ ಇಳಿಯುವಾಗ ಗಾಡಿಯನ್ನು ಹಿಂದಕ್ಕೆ ಹಿಡಿಯಬೇಕು. ತಗ್ಗಿನ ಗೇರಿನಲ್ಲಿ ಬಿಟ್ಟು, ಕಾಲನ್ನು ಬ್ರೇಕಿನಿಂದ ದೂರವಿಟ್ಟವನೇ ಘಾಟಿಯ ಚಾಲಕ. ಗಾಡಿ ಎರಡು ಕೋಟಿಯದಾದರೂ ಈ ಪಾಠ ಬದಲಾಗದು. ಅವನಿಗೆ ಅದನ್ನು ಹೇಳಿ ಕಳುಹಿಸಲಿಲ್ಲವಲ್ಲ ಎಂದು ಚಡಪಡಿಸಿದೆ.

ಐದು ಗಂಟೆಯ ಸುಮಾರಿಗೆ ಬಣ್ಣಾರಿಯಿಂದ ಫೋನು ಬಂದಿತು. ಗೀರು ಇಲ್ಲ, ಗಾಡಿ ತೊಳೆಸಿ ಮಾಲೀಕರ ಮನೆಗೆ ಬಿಡುತ್ತೇನೆ ಎಂದ. ನಾನು ಕೇಳುವ ಮೊದಲೇ, “ಎರಡನೇ ಗೇರಲ್ಲೇ ಇಳಿಸ್ದೆ ಮಾವ. ಕೆಳಗೆ ಬಂದು ನಾಲ್ಕು ಚಕ್ರಾನೂ ಮೂಸಿ ನೋಡ್ದೆ. ವಾಸನೆ ಇಲ್ಲ ಅಂತ ಅತ್ತೆಗೆ ಹೇಳಿ” ಎಂದ.

ಒಳಗೆ ಹೋಗಿ ನೋಡಿದೆ. ಅವಳು ನಿದ್ದೆಹೋಗಿದ್ದಳು.